ಚೌಟರ ಮನೆತನದ ಅಬ್ಬಕ್ಕ ದೇವಿ

ಬಂಟವಾಳ, ಬೆಳ್ತಂಗಡಿ, ಮೂಡಬಿದರೆ ಎಂಬ ಸೀಮೆಗಳಿಂದ ಶಾಲೆಗೆ ಬರುವ ನಮ್ಮ ಹುಡುಗಿಯರು ದೂರದೇಶಗಳ ಅರಸುಮನೆತನಗಳ ಚರಿತ್ರೆಯನ್ನು ಪಾಠಪುಸ್ತಕಗಳಲ್ಲಿ ಓದಿ, ರಾಜರ ಹೆಸರುಗಳನ್ನೂ ಯುದ್ಧಗಳ ವರ್ಷಗಳನ್ನೂ ಬಾಯಿಪಾಠ ಮಾಡಿ ಪರೀಕ್ಷೆಗಳಲ್ಲಿ ತೇರ್ಗಡೆ ಹೊಂದುತ್ತಾರೆ. ಇದು ಒಳ್ಳೆಯದೇ ಸರಿ. ಆದರೆ ತಾವು ದಿನನಿತ್ಯ ದಾಟುವ ಹೊಳೆಗಳ ದಂಡೆಗಳಲ್ಲಿಯೂ, ತಾವು ಹಾದುಹೋಗುವ ಬಸದಿ ಬೀಡುಗಳಲ್ಲಿಯೂ ಅಂಥವೇ ಪುರಾತನವಾದ ಮನೆತನಗಳು ಬಾಳಿ ಆಳಿದುವೆಂಬದನ್ನು ಅವರಲ್ಲಿ ಅನೇಕರು ಅರಿಯರು. ಆದಕಾರಣ ಈ ಸಂಚಿಕೆಯಲ್ಲಿ ಅಂಥ ಒಂದು ಮನೆತನದ ವೃತ್ತಾಂತವನ್ನೂ, ಅದರಲ್ಲಿ ಹುಟ್ಟಿ ದೇಶದಲ್ಲೆಲ್ಲಾ ಹೆಸರಾದ ಒಬ್ಬ ರಾಣಿಯ ಜೀವನವನ್ನೂ ಪೂರ್ವವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮುಂದೆ ಇಡಲು ನಾವು ಬಯಸುತ್ತೇವೆ. ಆಕೆಯೇ ಉಳ್ಳಾಲದ ಅಬ್ಬಕ್ಕ ದೇವಿ. ಆ ಮನೆತನವೇ ಚೌಟರದು.

ತುಳುನಾಡು ಪೂರ್ವದಲ್ಲಿ ಒಬ್ಬನೇ ಅರಸನ ಕೈಕೆಳಗೆ ಇದ್ದ ನಾಡಲ್ಲ. ಮೇಲೆ ವಿಜಯನಗರದ ಚಕ್ರವರ್ತಿಗಳ ಆಧಿಪತ್ಯವಿದ್ದರೂ, ಸೀಮೆಸೀಮೆಗೆ ಒಂದೊಂದು ಮನೆತನವು ತನ್ನ ಬೀಡನ್ನು ಕಟ್ಟಿಕೊಂಡು ನ್ಯಾಯ ಹೇಳುತ್ತಾ ತೆರಿಗೆ ಎತ್ತುತ್ತಾ ಬಾಳುತ್ತಿತ್ತು. ಬೆಳ್ತಂಗಡಿಯ ಕಡೆಯ ಬಂಗಾಡಿಯಿಂದ ಹೊರಟ ಬಂಗರು, ಅದೇ ಸೀಮೆಯ ವೇಣೂರಿನ ಅಜಿಲರು, ಕಾರ್ಕಳದ ಭೈರರಸರು, ಮೂಲ್ಕಿಯ ಸಾವಂತರು, ಉಳ್ಳಾಲದಿಂದ ಮೂಡಬಿದರೆಯ ವರೆಗೆ ಆಳಿದ ಚೌಟರು, ಇವರೆಲ್ಲರು ಆ ಕಾಲದ ಪ್ರಮುಖರು. ಇವರಲ್ಲಿ ಬಹುಮಂದಿ ಜೈನಮತದವರು. ಕಾರ್ಕಳದಲ್ಲಿ 1432ರಲ್ಲಿಯೂ ವೇಣೂರಿನಲ್ಲಿ 1604ರಲ್ಲಿಯೂ ಎತ್ತಲ್ಪಟ್ಟ ಗೊಮ್ಮಟ ಮೂರ್ತಿಗಳೂ, ಮೂಡಬಿದರೆಯಲ್ಲಿ 1430ರ ಹೊತ್ತಿಗೆ ಪ್ರತಿಷ್ಠೆಯಾದ ಸಾವಿರ ಕಂಬದ ಬಸದಿಯೂ ಅವರ ಕಾಲದ ಐಶ್ವರ್ಯಕ್ಕೂ ಭಕ್ತಿಗೂ ಇಂದಿನ ವರೆಗೆ ಸಾಕ್ಷಿಯಾಗಿ ನಿಂತಿವೆ.

ಚೌಟರ ಮೊದಲ ನೆಲೆಯು ಉಳ್ಳಾಲದ ಸೋಮೇಶ್ವರ. ಹನ್ನೆರಡನೆಯ ಶತಮಾನದಷ್ಟು ಹಿಂದಕ್ಕೆ ಆ ವಂಶದವರು ತಮ್ಮ ಪೂರ್ವಿಕರನ್ನು ಎಣಿಸುವುದುಂಟು. ಸಮುದ್ರದಂಡೆಯಲ್ಲಿ ಉಳ್ಳಾಲವೂ, ಒಳನಾಡಿನಲ್ಲಿ ಮೂಡಬಿದರೆಯ ಬಳಿಯ ಪುತ್ತಿಗೆಯೂ ಅವರ ಬೀಡುಗಳಾಗಿದ್ದುವು. ಒಂದು ಕೈಯಿಂದ ಹಡಗುಗಳ ವ್ಯಾಪಾರವನ್ನೂ ಮತ್ತೊಂದು ಕೈಯಿಂದ ಗದ್ದೆತೋಟಗಳ ಹುಟ್ಟುವಳಿಯನ್ನೂ ಹಿಡಿದಿದ್ದುದರಿಂದ ಈ ಮನೆತನವು ಬಲಗೊಂಡಿತು. ಅಕ್ಕಿಯೂ ಕರಿಮೆಣಸೂ ನಮ್ಮ ಕರಾವಳಿಯಿಂದ ಹೊರಗೆ ಹೋಗುತ್ತಿದ್ದ ಮುಖ್ಯ ಸರಕುಗಳು. ಗೋವೆಯ ಪೋರ್ಚುಗೀಸರು ಉಣ್ಣುತ್ತಿದ್ದ ಅನ್ನದಲ್ಲಿ ಒಂದು ಪಾಲು ಕನ್ನಡ ಕರಾವಳಿಯ ಗದ್ದೆಗಳಲ್ಲಿ ಬೆಳೆದದ್ದೇ.

ಈ ಮನೆತನಗಳ ಒಂದು ವಿಶೇಷವನ್ನು ತಿಳಿಯದೆ ಅಬ್ಬಕ್ಕನ ಜೀವನವು ಅರ್ಥವಾಗದು. ಅದು ಅಳಿಯಸಂತಾನ ಕಟ್ಟು. ಈ ಕಟ್ಟಿನ ಪ್ರಕಾರ ಆಸ್ತಿಯೂ ಅಧಿಕಾರವೂ ತಂದೆಯಿಂದ ಮಗನಿಗೆ ಹೋಗದೆ, ತಾಯಿಯ ಬಳಿಯನ್ನು ಹಿಡಿದು ಮಾವನಿಂದ ಸೋದರಳಿಯನಿಗೆ ಇಳಿಯುವುದು. ಮನೆತನದ ಹೆಣ್ಣು ಮದುವೆಯಾದಮೇಲೂ ತನ್ನ ತಾಯಿಯ ಮನೆಯವಳಾಗಿಯೇ ಉಳಿಯುವಳು. ಆಕೆಯ ಮಕ್ಕಳು ಆ ಮನೆಯ ಮಕ್ಕಳು. ಬೀಡಿನ ಹೆಸರು ಆಕೆಯ ಹೊಟ್ಟೆಯಿಂದಲೇ ಮುಂದುವರಿಯಬೇಕು. ಹೀಗಿರುವಾಗ ಗಂಡುದಿಕ್ಕಿಲ್ಲದಾಗ ಹೆಣ್ಣೇ ಪಟ್ಟಕ್ಕೆ ಬರುವುದು ಅವರಿಗೆ ಅಪೂರ್ವವಾದ ಸಂಗತಿಯಾಗಿರಲಿಲ್ಲ.

ಯೂರೋಪಿನ ಮಹಾಮನೆತನಗಳೊಡನೆ ಇದನ್ನು ಹೋಲಿಸಿ ನೋಡಿದರೆ ಭೇದವು ಚೆನ್ನಾಗಿ ಕಾಣುವುದು. ಜರ್ಮನಿಯ ಅತಿ ಪುರಾತನವಾದ ಅರಸುಮನೆತನಗಳಲ್ಲಿ ಒಂದು ವೆಲ್ಫ್ ವಂಶ. ಅದರ ಒಂದು ಶಾಖೆಯವರಾದ ಹ್ಯಾನೋವರಿನ ಅರಸರು 1714ರಿಂದ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ್ದರು. 1837ರಲ್ಲಿ ನಾಲ್ಕನೆಯ ವಿಲಿಯಮನು ತೀರಿಹೋದಾಗ ಇಂಗ್ಲೆಂಡಿನ ಕಿರೀಟವು ಅವನ ತಮ್ಮನ ಮಗಳಾದ ವಿಕ್ಟೋರಿಯಳಿಗೆ ಬಂತು. ಆದರೆ ಹ್ಯಾನೋವರಿನ ಕಟ್ಟಿನಲ್ಲಿ ಗಂಡುಸಂತತಿ ಇರುವ ವರೆಗೆ ಹೆಣ್ಣಿಗೆ ಪಟ್ಟವಿಲ್ಲದ್ದರಿಂದ, ಆ ರಾಜ್ಯವು ಆಕೆಯ ಕೈತಪ್ಪಿ ಆಕೆಯ ಚಿಕ್ಕಪ್ಪನಾದ ಅರ್ನೆಸ್ಟ್ ಅಗಸ್ಟಸನಿಗೆ ಸೇರಿತು. ಹೀಗೆ 123 ವರ್ಷ ಒಂದಾಗಿದ್ದ ಎರಡು ಸಿಂಹಾಸನಗಳು ಒಬ್ಬ ಹೆಣ್ಣುಮಗಳ ದೆಸೆಯಿಂದ ಬೇರೆಯಾದುವು. ಅಲ್ಲಿ ಹೆಣ್ಣೆಂಬ ಕಾರಣದಿಂದ ತಪ್ಪಿಹೋದ ಹಕ್ಕು, ಅದಕ್ಕೆ ಇನ್ನೂರು ವರ್ಷಗಳ ಹಿಂದೆಯೇ ನಮ್ಮ ಉಳ್ಳಾಲದಲ್ಲಿ ಹೆಣ್ಣೆಂಬ ಕಾರಣದಿಂದ ತಪ್ಪದೆ ದೊರಕಿತ್ತೆಂಬದು ನಮ್ಮ ಹೆಣ್ಣುಮಕ್ಕಳು ನೆನಪಿಡತಕ್ಕ ವಿಷಯವಾಗಿದೆ.

ಇನ್ನು ಅಬ್ಬಕ್ಕನ ಮಾತಿಗೆ ಬರೋಣ. ಉಳ್ಳಾಲದಲ್ಲಿ ಜನರು ಹೇಳುವ ಕಥೆಯಲ್ಲಿ ಅಬ್ಬಕ್ಕನು ಒಬ್ಬಳೇ. ಆಕೆಯು ಎಳೆತನದಲ್ಲೇ ಕತ್ತಿವರಸೆಯನ್ನೂ ಬಿಲ್ವಿದ್ಯೆಯನ್ನೂ ಕಲಿತು, ಕಪ್ಪ ಕೊಡೆನೆಂದು ಪರಂಗಿಯವರನ್ನು ಎದುರಿಸಿ, ಮೊಗವೀರರನ್ನೂ ಮಾಪಿಳ್ಳೆಗಳನ್ನೂ ತನ್ನ ಪಡೆಯಲ್ಲಿ ಕೂಡಿಸಿ, ರಾತ್ರಿ ವೇಳೆಯಲ್ಲಿ ಅಗ್ನಿಬಾಣಗಳಿಂದ ಅವರ ಹಡಗುಗಳನ್ನು ಸುಟ್ಟು, ಕಡೆಗೆ ಮೋಸದಿಂದ ಸೆರೆಸಿಕ್ಕಿ, ಸೆರೆಯಲ್ಲಿಯೂ ತಲೆಬಾಗದೆ ಪ್ರಾಣಬಿಟ್ಟಳೆಂದು ಹಿರಿಯರು ಮಕ್ಕಳಿಗೆ ಹೇಳುತ್ತಾ ಬಂದಿದ್ದಾರೆ. ಯಕ್ಷಗಾನದ ರಂಗಸ್ಥಳದಲ್ಲಿಯೂ ಈ ಕಥೆಯನ್ನು ಆಡುವುದುಂಟು. ಕೇಳುವವರ ಮೈಯಲ್ಲಿ ರೋಮಾಂಚವನ್ನು ಉಂಟುಮಾಡುವ ಕಥೆಯಿದು.

ಕಾಗದಪತ್ರಗಳನ್ನು ನೋಡುವಾಗಲಾದರೋ ಒಬ್ಬಳಿಗಿಂತ ಹೆಚ್ಚು ರಾಣಿಯರು ಕಾಣಿಸಿಕೊಳ್ಳುತ್ತಾರೆ. ಪೋರ್ಚುಗೀಸರ ರಾಜಪ್ರತಿನಿಧಿಯಾದ ಅಂತಾವೊ ದ ನೊರೋಞನು 1568ರ ಆರಂಭದಲ್ಲಿ ಮಂಗಳೂರಿನ ಮೇಲೆ ದಂಡೆತ್ತಿ ಬಂದು, ಅಲ್ಲಿ ಸಂತ ಸೆಬಾಸ್ತಿಯಾನನ ಹೆಸರಿನಲ್ಲಿ ಒಂದು ಕೋಟೆಯನ್ನು ಕಟ್ಟಿಸಿದನು. ಆಗ ಉಳ್ಳಾಲದಲ್ಲಿ ಅವರಿಗೆ ಎದುರಾಗಿ ನಿಂತವಳು ಒಬ್ಬ ರಾಣಿ. ಅದಾಗಿ 55 ವರ್ಷಗಳ ಮೇಲೆ, 1623ರಲ್ಲಿ, ಒಬ್ಬ ಯಾತ್ರಿಕನು ಕಣ್ಣಾರೆ ಕಂಡ ಉಳ್ಳಾಲದ ರಾಣಿಯ ವಯಸ್ಸು ಸುಮಾರು ನಾಲ್ವತ್ತು. ಹಾಗಾದರೆ 1568ರಲ್ಲಿ ಈಕೆಯು ಹುಟ್ಟಿಯೇ ಇರಲಿಲ್ಲ. ಒಂದೇ ಬೀಡಿನಲ್ಲಿ ಹಿಂದುಮುಂದಾಗಿ ಆಳಿದ ರಾಣಿಯರ ಪರಾಕ್ರಮಗಳನ್ನು ಜನರ ನೆನಪು ಒಟ್ಟುಗೂಡಿಸಿ ಒಬ್ಬಳ ತಲೆಯ ಮೇಲೆ ಮುಡಿಸಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಎಲ್ಲಾ ದೇಶಗಳಲ್ಲಿಯೂ ಜನಪ್ರೀತಿಯು ಹೀಗೆಯೇ ಮಾಡುವುದು. ಆದರೆ ನಾವು ಇಲ್ಲಿ ಹೇಳಲಿಕ್ಕಿರುವುದು ಆ ಎರಡನೆಯವಳ, ಅಂದರೆ ಕಣ್ಣಾರೆ ಕಂಡವನ ಬರಹದಲ್ಲಿ ಉಳಿದು ಬಂದ ಅಬ್ಬಕ್ಕ ದೇವಿಯ ಜೀವನವನ್ನು.

ಆ ಯಾತ್ರಿಕನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ಆತನು ರೋಮಾಪುರಿಯ ಒಂದು ಕುಲೀನ ಮನೆತನದಲ್ಲಿ 1586ರಲ್ಲಿ ಹುಟ್ಟಿದವನು. ಪ್ರೀತಿಸಿದ ಕನ್ನಿಕೆಯು ಕೈಗೂಡದೆ ಮನನೊಂದು 1614ರಲ್ಲಿ ವೆನಿಸಿನಿಂದ ಹಡಗುಹತ್ತಿ, ತುರ್ಕಿ, ಐಗುಪ್ತ, ಪರಿಶುದ್ಧ ನಾಡು, ಬಾಗ್ದಾದು, ಪಾರಸಿಕ ದೇಶ ಇವುಗಳನ್ನು ಸುತ್ತಿದನು. ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಕನ್ಯೆಯನ್ನು ಮದುವೆಯಾದನು. ಆಕೆಯು 1621ರ ಕಡೆಯಲ್ಲಿ ಪಾರಸಿಕ ದೇಶದ ಕಡಲತಡಿಯಲ್ಲಿ ತೀರಿಕೊಂಡಾಗ, ಅವಳ ದೇಹವನ್ನು ಕೆಡದಂತೆ ಲೇಪನಮಾಡಿಸಿ ಪೆಟ್ಟಿಗೆಯಲ್ಲಿಟ್ಟು, ಭಾರತಕ್ಕೂ ತಂದು, ವರ್ಷಗಳ ತರುವಾಯ ರೋಮಿಗೆ ಕೊಂಡೊಯ್ದು ತನ್ನ ಹಿರಿಯರ ಸಮಾಧಿಯಲ್ಲಿ ಹೂಳಿಸಿದನು. ಅಂಥ ದುಃಖವನ್ನು ಎದೆಯಲ್ಲಿ ಹೊತ್ತವನು 1623ರ ಫೆಬ್ರವರಿಯಲ್ಲಿ ಸೂರತಿಗೆ ಬಂದಿಳಿದು, ಅಲ್ಲಿಂದ ಗೋವೆಗೆ ಬಂದನು. ಆತನು ತನ್ನ ಸ್ನೇಹಿತನಿಗೆ ಬರೆದ ಪತ್ರಗಳಲ್ಲಿ ಭಾರತದ ಭಾಗವು ಆತನ ಮರಣಾನಂತರ 1663ರಲ್ಲಿ ಅಚ್ಚಾಯಿತು.

ಆ ವರ್ಷದ ಕಡೆಯಲ್ಲಿ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಒಬ್ಬ ರಾಯಭಾರಿಯನ್ನು ಕಳುಹಿಸಿದರು. ದೆಲ್ಲಾ ವಾಲ್ಲೆಯು ಅವನ ಪರಿವಾರದೊಂದಿಗೆ ಘಟ್ಟವನ್ನು ಹತ್ತಿ ಇಕ್ಕೇರಿಗೆ ಹೋದನು. ಈ ರಾಯಭಾರದ ಒಂದು ಕಾರಣ ನಮ್ಮ ಸೀಮೆಯ ಒಂದು ಗಂಡಹೆಂಡರ ಜಗಳವೇ ಆಗಿತ್ತೆಂದರೆ ವಾಚಕರು ಆಶ್ಚರ್ಯಪಟ್ಟಾರು. ಅದರ ವಿವರವನ್ನು ಆತನು ಕೇಳಿ ಬರೆದಿಟ್ಟ ಪ್ರಕಾರ ಹೇಳುವೆವು.

ಉಳ್ಳಾಲದ ಅಬ್ಬಕ್ಕನಿಗೂ ಹೊಳೆಯ ಆಚೆಯ ಬಂಗರಸನಿಗೂ ವಿವಾಹವಾಗಿತ್ತು. ಬಂಗರು ಬೆಳ್ತಂಗಡಿಯ ಬಂಗಾಡಿಯ ಮೂಲದವರು. ಬಂಟವಾಳದ ಎದುರಿನ ನಂದಾವರವು ಅವರ ಮತ್ತೊಂದು ನೆಲೆ. ಅಳಿಯಸಂತಾನದ ರೂಢಿಯಂತೆ ಇವರಿಬ್ಬರೂ ತಮ್ಮತಮ್ಮ ಸೀಮೆಗಳಲ್ಲಿಯೇ ಇದ್ದು ಆಳಿಕೊಳ್ಳುತ್ತಾ, ಗಡಿಯ ಹೊಳೆಯ ಬಳಿಯಲ್ಲಿ ಡೇರೆ ಹಾಕಿಸಿ ಆಗಾಗ್ಗೆ ಕೂಡಿಕೊಳ್ಳುತ್ತಿದ್ದರು. ಕಾಲಕ್ರಮದಲ್ಲಿ ಅವರೊಳಗೆ ಮನಸ್ತಾಪ ಹುಟ್ಟಿತು. ರಾಣಿಯು ವಿವಾಹಬಂಧವನ್ನು ಬಿಟ್ಟುಬಿಟ್ಟು, ಆತನು ಕೊಟ್ಟಿದ್ದ ಒಡವೆಗಳನ್ನೆಲ್ಲಾ ಹಿಂದಕ್ಕೆ ಕಳುಹಿಸಿದಳು. ಆ ಕಟ್ಟಿನಲ್ಲಿ ಹೆಂಡತಿಗೆ ಇದರ ಹಕ್ಕಿತ್ತು. ಆದರೂ ಬಂಗರಸನು ಇದನ್ನು ಅಪಮಾನವೆಂದೆಣಿಸಿ ಸೇಡಿಗಾಗಿ ಕಾದಿದ್ದನು.

ಒಂದು ದಿನ ರಾಣಿಯು ಹೊಳೆಯಲ್ಲಿ ದೋಣಿಯ ಮೇಲೆ ಸಂಚರಿಸುತ್ತಿರುವಾಗ ಬಂಗರಸನ ಆಯುಧಪಾಣಿಗಳು ಅಡ್ಡಬಂದು ಆಕೆಯನ್ನು ಹಿಡಿದರು. ಆಕೆಯು ಅಂಜದೆ ಒಳ್ಳೆಯ ಮಾತುಗಳಿಂದ ಆತನ ಮನಸ್ಸನ್ನು ತಿರುಗಿಸಿ ಬಿಡುಗಡೆ ಹೊಂದಿದಳು. ತನ್ನ ಬೀಡಿಗೆ ಬಂದಮೇಲೆ ಆ ಮಾತುಗಳಿಗೆ ಕಟ್ಟುಬೀಳದೆ ಯುದ್ಧಕ್ಕೆ ಸಿದ್ಧಳಾದಳು. ಬಂಗರಸನು ಪೋರ್ಚುಗೀಸರ ನೆರವನ್ನು ಬೇಡಿದನು. ರಾಣಿಯು ಘಟ್ಟದ ಮೇಲಿನ ವೆಂಕಟಪ್ಪ ನಾಯಕನಿಗೆ ಹೇಳಿಕಳುಹಿಸಿದಳು. ಆ ನಾಯಕನಾದರೋ ಬಹುಕಾಲದಿಂದ ಕರಾವಳಿಯ ಮೇಲೆ ಕಣ್ಣಿಟ್ಟಿದ್ದವನು. ವಿಜಯನಗರವು 1565ರ ಸೋಲಿನಿಂದ ಕುಗ್ಗಿದ ಮೇಲೆ ಕೆಳದಿಯ ಮನೆತನವು ಏಳುತ್ತಾ ಬಂದಿತ್ತು. ತಾನಾಗಿ ತೆರೆದ ಬಾಗಿಲನ್ನು ಆತನು ಬಿಟ್ಟಾನೇ? ಆತನ ಸೈನ್ಯವು ಇಳಿದುಬಂದು ಬಂಗರಸನ ಕೋಟೆಯನ್ನು ಕೆಡವಿತು; ಆತನ ನೆರವಿಗೆ ಬಂದ ಪೋರ್ಚುಗೀಸರು ಸೋತರು; ಬಂಗರಸನು ತೆಂಕಣ ದಿಕ್ಕಿಗೆ ಓಡಿಹೋಗಿ ಪರಸೀಮೆಯಲ್ಲಿ ಆಶ್ರಯ ಹೊಂದಿದನು. ಇದು 1623ಕ್ಕೆ ಕೆಲವೇ ವರ್ಷಗಳ ಹಿಂದಿನ ಮಾತು.

ಭಾರತದ ಕಡಲಲ್ಲಿ ತಮ್ಮನ್ನು ಎದುರಿಸುವವರಿಲ್ಲವೆಂದು ನೂರು ವರ್ಷಗಳಿಂದ ಹೆಮ್ಮೆಪಟ್ಟಿದ್ದ ಪೋರ್ಚುಗೀಸರಿಗೆ ಇದು ದೊಡ್ಡ ಅವಮಾನ. ಅದರ ಮೇಲೆ 1622ರಲ್ಲಿ ಪಾರಸಿಕರೂ ಇಂಗ್ಲಿಷರೂ ಕೂಡಿ ಹೊರ್ಮುಜನ್ನು ಅವರ ಕೈಯಿಂದ ಕಿತ್ತುಕೊಂಡರು. ಹೀಗೆ ಎರಡೂ ಕಡೆಯಿಂದ ಬಲ ತಗ್ಗಿದ್ದರಿಂದ ಯುದ್ಧವನ್ನು ಬಿಟ್ಟು, ಮೆಣಸಿನ ವ್ಯಾಪಾರಕ್ಕಾಗಿಯೂ ಬಂಗರಸನ ಸೀಮೆಯನ್ನು ಹಿಂದಕ್ಕೆ ಕೊಡಿಸುವುದಕ್ಕಾಗಿಯೂ ಅವರು ಇಕ್ಕೇರಿಗೆ ರಾಯಭಾರ ಕಳುಹಿಸಬೇಕಾಯಿತು. ವೆಂಕಟಪ್ಪ ನಾಯಕನು ರಾಯಭಾರಿಯನ್ನು ಉಪಚರಿಸಿದನೇ ಹೊರತು ಬಂಗರ ಸೀಮೆಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ.

ದೆಲ್ಲಾ ವಾಲ್ಲೆಯು ಇಕ್ಕೇರಿಯಿಂದ ಘಟ್ಟವಿಳಿದು, ಬಸರೂರನ್ನು ಹಾದು ಡಿಸೆಂಬರ್ ತಿಂಗಳಲ್ಲಿ ಮಂಗಳೂರಿಗೆ ಬಂದನು. ಕದ್ರಿಯ ಜೋಗಿಗಳ ಅರಸನನ್ನು ನೋಡಿದನು. ಬಂಗರ ಹಾಳುಬಿದ್ದ ನೆಲೆಯನ್ನೂ ಉಳ್ಳಾಲವನ್ನೂ ನೋಡಿದನು. ಇಷ್ಟೆಲ್ಲಾ ಗದ್ದಲಕ್ಕೆ ಕಾರಣಳಾದ ಆ ರಾಣಿಯನ್ನು ಕಾಣದೆ ಹಿಂದಿರುಗಲು ಆತನಿಗೆ ಮನಸ್ಸಾಗಲಿಲ್ಲ. ಆಕೆಯು ಆಗ ಉಳ್ಳಾಲದಲ್ಲಿರದೆ ಒಳನಾಡಿನ ಮಣೇಲಿನಲ್ಲಿ ಇದ್ದಾಳೆಂದು ತಿಳಿದು, ಅಲ್ಲಿಗೆ ಹೊರಟನು. ಮಣೇಲ್ ಎಂಬದು ಗುರುಪುರ ಹೊಳೆಯ ಸೀಮೆಯಲ್ಲಿ, ಮಂಗಳೂರಿನಿಂದ ಮೂಡಬಿದರೆಗೂ ಬಂಟವಾಳಕ್ಕೂ ಹೋಗುವ ಹಾದಿಗಳ ನಡುವೆ ಇರುವ ಊರು.

ಅರಮನೆಯ ಓಲಗದಲ್ಲಿ ಸಿಂಹಾಸನದ ಮೇಲೆ ಕುಳಿತ ರಾಣಿಯನ್ನು ಕಾಣುವೆನೆಂದು ಹೋದ ಆ ರೋಮಿನ ಕುಲೀನನಿಗೆ ಆಕೆಯು ಎದುರಾದದ್ದು ಬೀದಿಯಲ್ಲಿ, ಬರಿಗಾಲಿನಲ್ಲಿ. ಗದ್ದೆಗಳಿಗೆ ನೀರು ಹರಿಸುವುದಕ್ಕಾಗಿ ಆಕೆಯು ಹೊಸದಾಗಿ ತೋಡಿಸುತ್ತಿದ್ದ ಕಾಲುವೆಗಳ ಕೆಲಸವನ್ನು ತಾನೇ ನಿಂತು ನೋಡಿಕೊಳ್ಳುತ್ತಿದ್ದಳು. ಸೊಂಟಕ್ಕೆ ಒಂದು ದಪ್ಪವಾದ ಬಿಳಿಯ ಬಟ್ಟೆ, ತಲೆಗೆ ಸುತ್ತಿ ಹೆಗಲ ಮೇಲೆ ಇಳಿಬಿದ್ದ ಒಂದು ವಸ್ತ್ರ, ತಲೆಯ ಮೇಲೆ ಒಬ್ಬನು ಹಿಡಿದ ತಾಳೆಗರಿಯ ಕೊಡೆ, ಜೊತೆಗೆ ಕತ್ತಿಗುರಾಣಿ ಹಿಡಿದ ಕೆಲವು ಭಟರು; ಇಷ್ಟೇ ಆಕೆಯ ಆಡಂಬರ. ಮೈಬಣ್ಣ ಬಹು ಕಪ್ಪು. ಶರೀರವು ಸ್ಥೂಲವಾಗಿದ್ದರೂ ನಡಗೆಯು ಚುರುಕಾಗಿತ್ತು. ಪೋರ್ಚುಗೀಸರು ಆಕೆಯನ್ನು ಮುದುಕಿಯೆಂದು ಹೇಳಿದ್ದರೂ ಆತನ ಕಣ್ಣಿಗೆ ಆಕೆಯು ನಾಲ್ವತ್ತು ವರ್ಷದವಳಂತೆ ಕಂಡಳು.

ಮೊದಲ ನೋಟಕ್ಕೆ ಆತನು ಆಕೆಯನ್ನು ಕೀಳಾಗಿಯೇ ಎಣಿಸಿದನು. ರೇಷ್ಮೆ ಕಿನಕಾಪುಗಳ ಮಧ್ಯೆ ಬೆಳೆದವನಿಗೆ ಆಕೆಯು ಅಡುಗೆಯವಳಂತೆಯೂ ಅಗಸಗಿತ್ತಿಯಂತೆಯೂ ತೋರಿದಳು. ಆತನು ಅದನ್ನು ಮುಚ್ಚಿಡದೆ ಬರೆದೂಬಿಟ್ಟಿದ್ದಾನೆ. ಆದರೆ ಆಕೆಯು ಬಾಯಿತೆರೆದು ಮಾತಾಡಲಾರಂಭಿಸಿದೊಡನೆ ಆತನ ಎಣಿಕೆಯು ಬದಲಾಯಿತು. ಆಕೆಯ ಧ್ವನಿಯ ಗಾಂಭೀರ್ಯವೂ ಮಾತಿನ ವಿವೇಕವೂ ಆಕೆಯ ಅಧಿಕಾರಕ್ಕೆ ತಕ್ಕುವಾಗಿದ್ದುವೆಂದು ಆತನು ಒಪ್ಪಿಕೊಂಡಿದ್ದಾನೆ. ಉಡುಪನ್ನು ನೋಡಿ ಒಬ್ಬರ ಬೆಲೆಯನ್ನು ಕಟ್ಟುವ ಅಭ್ಯಾಸವು ನಮ್ಮಲ್ಲಿಯೂ ಇಲ್ಲದಿಲ್ಲ. ಹೆಣ್ಣುಮಕ್ಕಳಲ್ಲಿ ಮಾತ್ರವಲ್ಲ, ಅವರಿಗೆ ವರನನ್ನು ನೋಡುವ ಹಿರಿಯರಲ್ಲಿಯೂ ಇದು ಉಂಟು. ಅಂಥವರು ಮಣೇಲಿನ ಬೀದಿಯ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ರಾಣಿಯು ದುಭಾಷಿಯ ಮುಖಾಂತರ ಆತನ ದೇಶವನ್ನೂ, ನೋಡಿದ ರಾಜ್ಯಗಳನ್ನೂ, ಇಷ್ಟು ದೂರ ಬಂದ ಕಾರಣವನ್ನೂ ವಿಚಾರಿಸಿದಳು. ಮನೆಮಾರುಗಳನ್ನು ಬಿಟ್ಟು ಇಷ್ಟು ವರ್ಷ ಅಲೆಯುವವನಿಗೆ ಯಾವುದೋ ಮನೋವ್ಯಥೆ ಇರಬೇಕು, ಪ್ರಿಯರಾದವರು ಯಾರೋ ತೀರಿಹೋಗಿರಬೇಕು ಎಂದು ಆಕೆಗೆ ತೋರಿತು, ಅದನ್ನೂ ಕೇಳಿದಳು. ಆತನು ತನ್ನ ನಿಜವಾದ ನೋವನ್ನು ಮರೆಮಾಡಿ, ದೇಶಗಳನ್ನೂ ಜನರ ಆಚಾರಗಳನ್ನೂ ನೋಡುವ ಆಸೆಯಿಂದ ಹೊರಟೆನೆಂದು ಉತ್ತರ ಕೊಟ್ಟನು. ಹತ್ತು ವರ್ಷಗಳಲ್ಲಿ ಅನೇಕ ಅರಸರ ಓಲಗಗಳನ್ನು ಕಂಡಿದ್ದ ಆತನ ಎದೆಯ ನೋವನ್ನು, ಕಾಲುವೆಯ ಮಣ್ಣಿನ ಬಳಿಯಲ್ಲಿ ಬರಿಗಾಲಿನಲ್ಲಿ ನಿಂತಿದ್ದ ಈ ಹೆಂಗಸು ಕ್ಷಣಮಾತ್ರದಲ್ಲಿ ಗುರುತಿಸಿದಳು. ವೈರಿಯನ್ನು ಗೆದ್ದ ಜಾಣ್ಮೆಗಿಂತ ಪರದೇಶಿಯ ಮನಸ್ಸನ್ನು ತಿಳಿದ ಈ ಜಾಣ್ಮೆಯು ನಮಗೆ ಹೆಚ್ಚಾಗಿ ಮೆಚ್ಚಿಗೆಯಾಗುತ್ತದೆ.

ಆಕೆಯ ಮಗನಾದ ಚೆಲುವರಾಯನು ಆತನನ್ನು ಬೀಡಿಗೆ ಕರೆಸಿ ಊಟವಿಕ್ಕಿಸಿದನು. ಬಾಳೆಯೆಲೆಯಲ್ಲಿ ಅನ್ನವನ್ನೂ ಬಗೆಬಗೆಯ ವ್ಯಂಜನಗಳನ್ನೂ ಬಡಿಸಿದರು. ಕುಲದ ಕಟ್ಟಿನಂತೆ ಅರಸುಮಗನು ಅತಿಥಿಯ ಕೂಡ ಉಣ್ಣದಿದ್ದರೂ, ಎದುರಿಗೆ ಕುಳಿತು ಮರ್ಯಾದೆಯಿಂದ ಮಾತಾಡುತ್ತಾ ಆತನ ಊಟ ಮುಗಿಯುವ ವರೆಗೂ ಇದ್ದನು. ರಾಣಿಯಾದರೋ ತನ್ನ ಕಾಲುವೆಗಳ ಕೆಲಸಕ್ಕೆ ಹೋಗಿದ್ದಳು.

ಈ ಜೀವನವನ್ನು ಹೊಗಳಿಕೆಯಿಂದ ಮಾತ್ರ ತುಂಬಿಸಿ ಬಿಡುವುದು ನ್ಯಾಯವಲ್ಲ. ರಾಣಿಯು ಗೆದ್ದಳು, ನಿಜ. ಆದರೆ ಆ ಗೆಲವಿನ ಬೆಲೆಯನ್ನು ತೆರಬೇಕಾಯಿತು. ಬಂಗರಸನ ಮೇಲೆ ಬಂದ ಕೆಳದಿಯ ದಂಡು ಹಿಂದಕ್ಕೆ ಹೋದರೂ ಕೆಳದಿಯ ಅಧಿಕಾರವು ಹಿಂದಕ್ಕೆ ಹೋಗಲಿಲ್ಲ. ಗಂಡನಿಗೂ ಪರಂಗಿಗಳಿಗೂ ತಲೆಬಾಗದವಳು ನೆರವಿಗೆ ಕರೆದವನ ಮೇಲಾಳಿಕೆಯನ್ನು ಒಪ್ಪಬೇಕಾಯಿತು. ಎರಡು ನೆರೆಮನೆಗಳ ಜಗಳದಲ್ಲಿ ಒಬ್ಬನು ಕಡಲಿನವರನ್ನೂ ಇನ್ನೊಬ್ಬಳು ಘಟ್ಟದವರನ್ನೂ ಕರೆದದ್ದರಿಂದ, ಕಡೆಯಲ್ಲಿ ಎರಡು ಮನೆಗಳೂ ಸ್ವಾತಂತ್ರ್ಯವನ್ನು ಕಳಕೊಂಡುವು. ಕ್ರಮೇಣ ತುಳುನಾಡಿನ ಮಿಕ್ಕ ಮನೆತನಗಳೂ ಕೆಳದಿಗೆ ಅಧೀನವಾದುವು. ಇದು ಆಕೆಯ ದೋಷವೋ, ಆಕೆಗೆ ಬೇರೆ ದಾರಿ ಇತ್ತೋ ಎಂಬದನ್ನು ವಾಚಕರೇ ಯೋಚಿಸಲಿ. ಹಿಡಿಸಿ ಸೆರೆಯಲ್ಲಿಡಲು ಯತ್ನಿಸಿದ ಗಂಡನೂ, ಅವನ ಬೆನ್ನಿಗೆ ತೋಪುಗಳನ್ನು ಹೊತ್ತ ಹಡಗುಗಳೂ ಇರುವಾಗ ಒಬ್ಬ ಚಿಕ್ಕ ಸೀಮೆಯ ಒಡತಿಗೆ ಎಷ್ಟು ದಾರಿಗಳು ಉಳಿದಿದ್ದುವೆಂದು ಲೆಕ್ಕ ಹಾಕಿಯೇ ತೀರ್ಪು ಹೇಳತಕ್ಕದ್ದು.

ಹದಿನೇಳನೆಯ ಶತಮಾನದಲ್ಲಿ ಚೌಟರ ಮುಖ್ಯ ನೆಲೆಯು ಮೂಡಬಿದರೆಯಾಯಿತು. ಅಲ್ಲಿಯ ಚೌಟರ ಅರಮನೆಯ ಮರದ ಕಂಬಗಳನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಒಂಭತ್ತು ಮಂದಿ ಸ್ತ್ರೀಯರ ಶರೀರಗಳು ಹೆಣೆದುಕೊಂಡು ಒಂದು ಆನೆಯಾದ ನವನಾರೀಕುಂಜರವೂ, ಐದು ಮಂದಿ ಸ್ತ್ರೀಯರು ಸೇರಿ ಒಂದು ಕುದುರೆಯಾದ ಪಂಚನಾರೀತುರಗವೂ ಅಲ್ಲಿ ಕೆತ್ತಲ್ಪಟ್ಟಿವೆ. ಇಂಥ ಚಿತ್ರಗಳು ಭಾರತದಲ್ಲಿ ಬೇರೆಡೆಗಳಲ್ಲಿಯೂ ಉಂಟು. ಆದರೂ ಹೆಣ್ಣಿನ ಬಳಿಯಿಂದಲೇ ನೂರಾರು ವರ್ಷ ಮುಂದುವರಿದ ಮನೆತನದ ಚಾವಡಿಯಲ್ಲಿ, ಭಾರ ಹೊರುವ ಕಂಬದ ಮೇಲೆ ಅವನ್ನು ನೋಡುವಾಗ ನಮ್ಮ ಮನಸ್ಸಿಗೆ ಒಂದು ವಿಶೇಷವಾದ ಅರ್ಥವು ಹೊಳೆಯದೆ ಇರದು.

ಹೈದರಾಲಿಯು 1763ರಲ್ಲಿ ಕೆಳದಿಯವರ ಬಿದನೂರನ್ನು ಹಿಡಿದಮೇಲೆ ಈ ಮನೆತನಗಳ ಬಲವು ಇನ್ನಷ್ಟು ಕುಗ್ಗಿತು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದು ಜಿಲ್ಲೆಯು ಕುಂಪಣಿಯವರ ಕೈಸೇರಿದಾಗ ಚೌಟರಿಗೆ ಉಳಿದದ್ದು ಮರ್ಯಾದೆಯೂ ಒಂದು ವರ್ಷಾಶನವೂ ಮಾತ್ರ. ಬಂಗರ ಕಥೆಯ ಕೊನೆಯು ಬೇರೊಂದು ಬಗೆಯದು. ಪರಂಗಿಗಳ ನೆರವನ್ನು ಬೇಡಿದ ಅರಸನ ಮನೆತನದಲ್ಲಿಯೇ ಹುಟ್ಟಿದ ನಂದಾವರದ ಲಕ್ಷ್ಮಪ್ಪ ಬಂಗರಸನು 1837ರ ಕಲ್ಯಾಣಪ್ಪನ ಕಾಟಕಾಯಿಯಲ್ಲಿ ಇಂಗ್ಲಿಷರಿಗೆ ಇದಿರಾಗಿ ಎದ್ದು, ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣುಗಂಬಕ್ಕೇರಿದನು. ಹ್ಯಾನೋವರು ವಿಕ್ಟೋರಿಯಳ ಕೈತಪ್ಪಿದ್ದೂ ಅದೇ ವರ್ಷದಲ್ಲಿ. ಮನೆತನಗಳ ಕೀರ್ತಿ ಅಪಕೀರ್ತಿಗಳು ಒಬ್ಬನ ನಡತೆಯಿಂದಲೇ ಮುಗಿದುಹೋಗುವುದಿಲ್ಲ. ಮುಂದಿನ ತಲೆಯವರಿಗೆ ತಿದ್ದಲು ಎಡೆಯಿರುವುದು.

ಅಳಿಯಸಂತಾನ ಕಟ್ಟು ಸಹ ಕಾಲಕ್ಕೆ ತಕ್ಕಂತೆ ಬದಲಾಯಿತು. 1949ರ ಮದ್ರಾಸು ಕಾನೂನು ಅದನ್ನು ಮಾರ್ಪಡಿಸಿ ಕುಟುಂಬದ ಆಸ್ತಿಯ ವಿಭಾಗಕ್ಕೆ ದಾರಿಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನಿನ ಮೇಲೆ ಹಳೆಯ ರೂಢಿಯು ಬಹುಮಟ್ಟಿಗೆ ಹಿಂದೆಬಿತ್ತು. ಆ ಕಟ್ಟಿನಲ್ಲಿಯೂ ಕುಂದುಗಳಿದ್ದುವು. ಹೆಣ್ಣಿನ ಹೆಸರಿನಲ್ಲಿ ಆಸ್ತಿಯಿದ್ದರೂ ಆಡಳಿತವು ಅನೇಕ ಮನೆಗಳಲ್ಲಿ ಸೋದರಮಾವನ ಕೈಯಲ್ಲಿಯೇ ಇತ್ತು. ಹೆಸರಿಗಿದ್ದ ಹಕ್ಕನ್ನು ಅಬ್ಬಕ್ಕನು ನಡೆಸಿ ತೋರಿಸಿದಳೆಂಬದರಲ್ಲಿಯೇ ಆಕೆಯ ಹೆಚ್ಚಳವಿದೆ. ಹಕ್ಕು ಕಾಗದದಲ್ಲಿ ಬಂದರೆ ಸಾಲದು, ಅದನ್ನು ಹೊತ್ತು ನಡೆಸುವ ಬುದ್ಧಿಯೂ ಧೈರ್ಯವೂ ಬೇಕು. ಹೆಣ್ಣುಮಕ್ಕಳನ್ನು ಓದಿಸುವುದು ಏತಕ್ಕೆಂದು ಈಗಲೂ ಕೆಲವರು ಕೇಳುವುದುಂಟು. ಅವರಿಗೆ ಇದಕ್ಕಿಂತ ಬೇರೆ ಉತ್ತರವನ್ನು ನಾವು ಹುಡುಕಬೇಕಾಗಿಲ್ಲ.

ನಮ್ಮ ಕಾಲದಲ್ಲಿ ಅಬ್ಬಕ್ಕನ ಹೆಸರು ಬಹು ಗೌರವವನ್ನು ಹೊಂದಿದೆ. ಉಳ್ಳಾಲದಲ್ಲಿ ಆಕೆಯ ಹೆಸರಿನ ಉತ್ಸವವು ನಡೆಯುತ್ತಾ ಬಂದಿದೆ. 2003ರಲ್ಲಿ ಭಾರತದ ಅಂಚೆ ಇಲಾಖೆಯು ಆಕೆಯ ಸ್ಮಾರಕವಾಗಿ ಒಂದು ಅಂಚೆಚೀಟಿಯನ್ನು ಹೊರಡಿಸಿತು. 2012ರಲ್ಲಿ ಕರಾವಳಿ ರಕ್ಷಣಾದಳದ ಒಂದು ಕಾವಲುಹಡಗಿಗೆ ಆಕೆಯ ಹೆಸರಿಡಲಾಯಿತು. ಬಂಟವಾಳದಲ್ಲಿ ಆಕೆಯ ಹೆಸರಿನ ತುಳು ಅಧ್ಯಯನ ಕೇಂದ್ರವು ಹಳೆಯ ಕಾಲದ ಮನೆಸಾಮಾನುಗಳನ್ನೂ ಬೇಸಾಯದ ಸಲಕರಣೆಗಳನ್ನೂ ಕೂಡಿಸಿ ಕಾಪಾಡಿದೆ. ನಂದಾವರದ ಬಂಗರಸನ ಸೀಮೆಯಲ್ಲಿಯೇ, ಆತನನ್ನು ಸೋಲಿಸಿದ ರಾಣಿಯ ಹೆಸರಿನಲ್ಲಿ ನೇಗಿಲು ಕಳಸಿಗೆಗಳು ಮಕ್ಕಳಿಗೆ ಪಾಠ ಹೇಳುತ್ತಿರುವುದು ನಮಗೆ ಸಂತೋಷದ ವಿಷಯ.

ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ನಿಮ್ಮ ಮಕ್ಕಳಿಗೆ ಅಬ್ಬಕ್ಕನ ಕಥೆಯನ್ನು ಹೇಳುವಾಗ ಅಗ್ನಿಬಾಣಗಳ ಸಂಗತಿಯನ್ನು ಬಿಟ್ಟುಬಿಡಬೇಕೆಂದು ನಾವು ಹೇಳುವುದಿಲ್ಲ. ಜನರು ಪ್ರೀತಿಯಿಂದ ಕಾಪಾಡಿದ್ದನ್ನು ಕಸಿದುಕೊಳ್ಳುವ ಇಚ್ಛೆ ನಮಗಿಲ್ಲ. ಆದರೆ ಅದರೊಡನೆ ಕಣ್ಣಾರೆ ಕಂಡವನು ಬರೆದಿಟ್ಟ ಸಂಗತಿಯನ್ನೂ ಕೂಡಿಸಿ ಹೇಳಿರಿ. ಯುದ್ಧದ ಗದ್ದಲವು ಇನ್ನೂ ಆರದಿದ್ದ ಆ ವರ್ಷಗಳಲ್ಲಿ, ಗೋವೆಯಲ್ಲಿಯೂ ಇಕ್ಕೇರಿಯಲ್ಲಿಯೂ ತನ್ನ ಹೆಸರು ರಾಯಭಾರಿಗಳ ಬಾಯಲ್ಲಿರುವಾಗ, ಆ ರಾಣಿಯು ಮಾಡುತ್ತಿದ್ದ ಕೆಲಸ ಯಾವುದು? ತನ್ನ ಒಕ್ಕಲುಮಕ್ಕಳ ಗದ್ದೆಗೆ ನೀರು ತರುವ ಕೆಲಸ. ಹಡಗನ್ನು ಸುಡುವ ಸಂದರ್ಭವು ನಮ್ಮಲ್ಲಿ ಯಾರಿಗೂ ಬರಲಿಕ್ಕಿಲ್ಲ. ಕಾಲುವೆ ತೋಡುವ ಸಂದರ್ಭವು ಪ್ರತಿಯೊಂದು ಮನೆಯಲ್ಲಿಯೂ ಪ್ರತಿಯೊಂದು ಊರಿನಲ್ಲಿಯೂ ದಿನದಿನವೂ ಬರುತ್ತಲೇ ಇದೆ. ಅದನ್ನು ಕೀಳೆಂದೆಣಿಸದೆ ಕೈಗೊಳ್ಳುವವಳೇ ಆ ಹಿರಿಯ ಮನೆತನದ ನಿಜವಾದ ಬಳಿಗೆ ಸೇರಿದವಳೆಂದು ನಾವು ನಂಬುತ್ತೇವೆ.